ಈಸ್ಟರ್ ರಜೆಯಲ್ಲಿ ಮಕ್ಕಳೊಂದಿಗೆ ದನಕರುಗಳ ಬಳಿಗೆ: ಪುಣೆಯ ಸುತ್ತಲಿನ ಮೂರು ಬಗೆಯ ತಾಣಗಳು

ಗುಡ್ ಫ್ರೈಡೇಯಿಂದ ಈಸ್ಟರ್ ಭಾನುವಾರದವರೆಗಿನ ರಜೆಯಲ್ಲಿ ಮಕ್ಕಳಿಗೆ ದನ, ಆಡು, ಕೋಳಿಗಳನ್ನು ಹತ್ತಿರದಿಂದ ತೋರಿಸಬೇಕೆಂದರೆ ಪುಣೆಯ ಕುಟುಂಬಗಳಿಗೆ ಮೂರು ದಾರಿಗಳಿವೆ: ನಗರದ ಅಂಚಿನ ರೆಸಾರ್ಟುಗಳು ಹಬ್ಬಕ್ಕೆಂದೇ ಸಿದ್ಧಪಡಿಸುವ ಪ್ರಾಣಿಗಳ ಅಂಗಳ, ರೈತರು ತಮ್ಮ ಹೊಲದಲ್ಲೇ ನಡೆಸುವ ಕೃಷಿ ಪರ್ಯಟನ ಕೇಂದ್ರ, ಮತ್ತು ಯಂತ್ರಗಳ ನೆರವಿನಿಂದ ನಡೆಯುವ ದೊಡ್ಡ ಹೈನು ಫಾರ್ಮ್. ನಾಲ್ಕು ವರ್ಷದ ಮಗಳು, ಒಂಬತ್ತರ ಮಗ ಮತ್ತು ವಿಜಯಪುರದ ಕಡೆಯವರಾದ ನಮ್ಮ ಅತ್ತೆಯವರೊಂದಿಗೆ ಈ ಮೂರನ್ನೂ ನೋಡಿದ್ದೇನೆ. ಊಟ, ದೂರ, ಖರ್ಚುಗಳಿಗಿಂತ ಹೆಚ್ಚಾಗಿ ನಾನು ಗಮನಿಸಿದ್ದು ಒಂದನ್ನೇ: ಮಗುವಿನ ಕೈ ಬೇಡವೆನಿಸಿದಾಗ ದೂರ ಸರಿದುಹೋಗಲು ಪ್ರಾಣಿಗೆ ಅಲ್ಲಿ ಅವಕಾಶವಿದೆಯೇ?

ರೆಸಾರ್ಟಿನ ಅನುಕೂಲಗಳನ್ನು ಮೊದಲು ಹೇಳಬೇಕು. ನೆರಳು, ಸ್ವಚ್ಛವಾದ ಶೌಚಾಲಯ, ಅಂಗಳದ ಬಾಗಿಲಲ್ಲೇ ನಲ್ಲಿ ಮತ್ತು ಸೋಪು, ಇವೆಲ್ಲ ಚಿಕ್ಕ ಮಕ್ಕಳ ತಾಯಿಗೆ ಸಣ್ಣ ಸಂಗತಿಗಳಲ್ಲ. ಹುಲ್ಲಿನಲ್ಲಿ ಅಡಗಿಸಿಟ್ಟ ಬಣ್ಣದ ಮೊಟ್ಟೆಗಳನ್ನು ಹುಡುಕುವ ಆಟದಲ್ಲಿ ಮಗಳು ಮೈಮರೆತಿದ್ದಳು. ಆದರೆ ಅಲ್ಲಿನ ಮೊಲಗಳನ್ನು ನೋಡಿ ನನಗೆ ಸಂಕಟವಾಯಿತು. ಸಾಲುಗಟ್ಟಿ ಬಂದ ಮಕ್ಕಳು ಒಬ್ಬರಾದ ಮೇಲೊಬ್ಬರು ಅವುಗಳನ್ನು ಎತ್ತಿಕೊಳ್ಳುತ್ತಿದ್ದರು. ಮೊಲ ಅಲುಗಾಡದೆ ಕುಳಿತರೆ ‘ಎಷ್ಟು ಸಾಧು’ ಎಂದು ದೊಡ್ಡವರು ಮೆಚ್ಚುತ್ತಿದ್ದರು. ಬೇಟೆಗೆ ಬಲಿಯಾಗುವ ಜಾತಿಯ ಈ ಪ್ರಾಣಿ ಹೆದರಿದಾಗಲೂ ಹಾಗೆಯೇ ಕಲ್ಲಾಗಿಬಿಡುತ್ತದೆ. ಮೇಲಾಗಿ ಅದು ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲಾರದು, ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಗಳ ಮೂಲಕವೇ ಹೊರಹಾಕಬೇಕು. ಪುಣೆಯ ಏಪ್ರಿಲ್ ಅದಕ್ಕೆ ಬಹಳ ಕಠಿಣ. ಹೊರಡುವಾಗ ಮಕ್ಕಳಿಗೆ ಗುಲಾಬಿ, ಹಸಿರು ಬಣ್ಣ ಬಳಿದ ಕೋಳಿಮರಿಗಳನ್ನು ಉಡುಗೊರೆಯಾಗಿ ಕೊಡುತ್ತಿದ್ದುದನ್ನಂತೂ ನಾನು ಒಪ್ಪಲಾರೆ. ಹೀಗೆ ಬಣ್ಣ ಬಳಿಸಿಕೊಳ್ಳುವವು ಸಾಮಾನ್ಯವಾಗಿ ಮೊಟ್ಟೆ ತಳಿಯ ಗಂಡು ಮರಿಗಳು. ಮೊಟ್ಟೆಯಿಡದ ಕಾರಣ ಹ್ಯಾಚರಿಗಳಿಗೆ ಅವು ಬೇಡ. ಮೊದಲ ವಾರದಲ್ಲಿ ಅವುಗಳಿಗೆ ಹಗಲೂ ರಾತ್ರಿಯೂ 32ರಿಂದ 35 ಡಿಗ್ರಿಯಷ್ಟು ಕಾವು ಬೇಕು. ಫ್ಲ್ಯಾಟಿನ ಬಾಲ್ಕನಿಯಲ್ಲಿಟ್ಟ ರಟ್ಟಿನ ಪೆಟ್ಟಿಗೆ ಅದನ್ನು ಒದಗಿಸಲಾರದು.

ಬಾರಾಮತಿಯ ದಿಕ್ಕಿನಲ್ಲಿ ನಾವು ಹೋದ ಕೃಷಿ ಪರ್ಯಟನ ಕೇಂದ್ರದಲ್ಲಿ ಹಬ್ಬದ ಯಾವ ಅಲಂಕಾರವೂ ಇರಲಿಲ್ಲ. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆಂದೇ ನೀತಿಯೊಂದನ್ನು ತಂದಿದೆ. ಆದರೂ ಒಳ್ಳೆಯ ಕೇಂದ್ರ ಇಂದಿಗೂ ಮೊದಲು ಹೊಲ, ಆಮೇಲೆ ಪ್ರವಾಸಿ ತಾಣ. ಅಲ್ಲಿನ ಉಸ್ಮಾನಾಬಾದಿ ಆಡುಗಳು ಬಯಲಿನಲ್ಲಿ ಬಿಡುಬೀಸಾಗಿದ್ದವು. ಮಗ ಸುಬಾಬುಲ್ ಸೊಪ್ಪು ಹಿಡಿದು ನಿಂತಾಗ ಬೇಕಾದ ಆಡು ಬಂತು, ಬೇಡವಾದದ್ದು ಬರಲಿಲ್ಲ. ಬಂದ ಆಡಿನ ಬಾಯಲ್ಲಿ ಮೇಲಿನ ಮುಂಭಾಗಕ್ಕೆ ಹಲ್ಲೇ ಇಲ್ಲ, ಗಟ್ಟಿ ವಸಡು ಮಾತ್ರ ಇದೆ ಎಂಬುದನ್ನು ಅವನೇ ಕಂಡುಕೊಂಡ. ಸಂಜೆ ಪಂಢರಪುರಿ ಎಮ್ಮೆಯನ್ನು ಕರೆಯುವಾಗ, ಕರು ಮೊದಲು ಕೆಚ್ಚಲಿಗೆ ಬಾಯಿ ಹಾಕಿದ ಮೇಲೆಯೇ ತಾಯಿ ಹಾಲಿಳಿಸುವುದನ್ನು ಮಕ್ಕಳಿಬ್ಬರೂ ಎಚ್ಚರದಿಂದ ನೋಡಿದರು. ಕತ್ತಿಯಂತೆ ಬೆನ್ನಿನ ಕಡೆಗೆ ಚಾಚಿದ ಅದರ ಉದ್ದನೆಯ ಕೊಂಬುಗಳಿಂದ ಎಷ್ಟು ದೂರ ನಿಲ್ಲಬೇಕೆಂದು ರೈತರ ಮನೆಯವರೇ ತೋರಿಸಿದರು. ಖಿಲಾರಿ ಎತ್ತುಗಳನ್ನು ಕಂಡೊಡನೆ ಅತ್ತೆಯವರ ಮುಖ ಅರಳಿತು. ಸೊಲ್ಲಾಪುರ, ಸಾಂಗಲಿಗಳ ಈ ತಳಿ ಗಡಿಯಾಚೆ ವಿಜಯಪುರ, ಬೆಳಗಾವಿಗಳದ್ದೂ ಹೌದು. ಅವರು ಕನ್ನಡದಲ್ಲಿ, ರೈತರು ಮರಾಠಿಯಲ್ಲಿ ಎತ್ತಿನ ಸುಳಿ, ಕೊಂಬು, ಗೊರಸುಗಳ ಬಗ್ಗೆ ಬಹಳ ಹೊತ್ತು ಮಾತನಾಡಿದರು. ನಡುವೆ ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಕೊರತೆಗಳೂ ಇವೆ. ಪ್ರಯಾಣ ದೀರ್ಘ, ಮಧ್ಯಾಹ್ನದ ಬಿಸಿಲು ಚಿಕ್ಕವರಿಗೆ ತಡೆಯದು, ಮತ್ತು ಕೈ ತೊಳೆಯುವ ಜಾಗ ಕೊಟ್ಟಿಗೆಯಿಂದ ದೂರವಿತ್ತು. ಕೋಳಿಗಳಿಂದ ಸಾಲ್ಮೊನೆಲ್ಲಾ, ದನಗಳಿಂದ ಇ-ಕೋಲಿ ತಗಲುವ ಸಾಧ್ಯತೆ ಐದು ವರ್ಷದೊಳಗಿನವರಿಗೆ ಹೆಚ್ಚು ಅಪಾಯಕಾರಿಯಾದುದರಿಂದ, ಝುಣಕ ಭಾಕರಿಗೆ ಕೂರುವ ಮುನ್ನ ಸೋಪು ಹಚ್ಚಿ ಕೈ ತೊಳೆಸುವುದನ್ನು ಎಲ್ಲಿಯೂ ಬಿಡಬಾರದು.

ನಾಶಿಕ್ ರಸ್ತೆಯ ಕಡೆಯ ದೊಡ್ಡ ಹೈನು ಫಾರ್ಮ್ ಬೇರೆಯೇ ಬಗೆಯದು. ನಿಧಾನವಾಗಿ ತಿರುಗುವ ವೇದಿಕೆಯನ್ನು ಹೋಲ್‌ಸ್ಟೀನ್ ಹಸುಗಳು ತಾವಾಗಿಯೇ ಏರಿ, ಒಂದು ಸುತ್ತು ಮುಗಿಯುವಷ್ಟರಲ್ಲಿ ಹಾಲು ಕೊಟ್ಟು ಇಳಿಯುವುದು ಮಗನಿಗೆ ಬಹಳ ಹಿಡಿಸಿತು. ಮುಟ್ಟಲು ಏನೂ ಇಲ್ಲದ್ದರಿಂದ ಮಗಳು ಬೇಗನೆ ಬೇಸರಗೊಂಡಳು.

ಎಂಟು ದಾಟಿದ ಮಕ್ಕಳಿಗೆ ಹೈನು ಫಾರ್ಮ್, ಹಿರಿಯರೂ ಕಿರಿಯರೂ ಕೂಡಿದ ಕುಟುಂಬಕ್ಕೆ ಕೃಷಿ ಕೇಂದ್ರ ಎಂಬುದು ನನ್ನ ಸಲಹೆ. ಮೊಟ್ಟೆ ಹುಡುಕುವ ಆಟವನ್ನು ಹೌಸಿಂಗ್ ಸೊಸೈಟಿಯ ತೋಟದಲ್ಲೂ ಏರ್ಪಡಿಸಬಹುದು, ಅದಕ್ಕೆ ಮೊಲಗಳು ಬೇಕಿಲ್ಲ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬರಬಹುದು. 2025ರಲ್ಲಿ ಬಂದಂತೆ ಏಪ್ರಿಲ್ 20ರ ಸುಮಾರಿಗೆ ಬಂದರೆ, ಹಿಂದಿನ ರಾತ್ರಿಯೇ ಹೋಗಿ ಉಳಿದು ಬೆಳಗಿನ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರುವುದು ಒಳ್ಳೆಯದು. ಕಾದಿರಿಸುವಾಗ ಆ ಹೊತ್ತು ಯಾವುದೆಂದೂ, ಆಡುಗಳನ್ನು ಕಟ್ಟಿರುತ್ತಾರೋ ಬಿಟ್ಟಿರುತ್ತಾರೋ ಎಂದೂ ಫೋನಿನಲ್ಲೇ ಕೇಳಿಕೊಳ್ಳಬೇಕು.