ಉತ್ತರ ಕೊರಿಯಾವೋ ಕಾಳ್ಗಿಚ್ಚೋ: ತರಗತಿಗೆ ಯಾವ ತನಿಖಾ ವರದಿ?

ಮಾನಸಗಂಗೋತ್ರಿಯ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಒಂದೇ ಒಂದು ಟಿ.ವಿ. ತನಿಖಾ ವರದಿಯನ್ನು ತೋರಿಸುವುದಾದರೆ, ಅಮೆರಿಕದ ‘ಫ್ರಂಟ್‌ಲೈನ್’ ಸರಣಿಯಲ್ಲಿ ಉತ್ತರ ಕೊರಿಯಾ ಕುರಿತ 2014ರ ಕಂತು ಸೂಕ್ತವೋ, ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚಿನ ಕುರಿತ 2019ರ ಕಂತು ಸೂಕ್ತವೋ ಎಂದು ಅಧ್ಯಾಪಕರೊಬ್ಬರು ಕೇಳಿದ್ದಾರೆ.

ಮೊದಲು ನೋಡಬೇಕಾದದ್ದು ಸಾಕ್ಷ್ಯವನ್ನು. ಉತ್ತರ ಕೊರಿಯಾದ ಕಂತು ದೇಶದೊಳಗೆ ಗುಟ್ಟಾಗಿ ಚಿತ್ರೀಕರಿಸಿ ಹೊರಗೆ ಸಾಗಿಸಿದ ದೃಶ್ಯಗಳನ್ನೂ ದೇಶ ತೊರೆದವರ ಮಾತುಗಳನ್ನೂ ಆಧರಿಸಿದೆ. ಕಾಳ್ಗಿಚ್ಚಿನ ಕಂತಿನಲ್ಲಿ ತುರ್ತು ಕರೆಗಳ ಧ್ವನಿಮುದ್ರಣ, ಜನರೇ ಮೊಬೈಲಿನಲ್ಲಿ ಹಿಡಿದ ದೃಶ್ಯ, ಬದುಕುಳಿದವರ ನೇರ ಹೇಳಿಕೆ ಎಲ್ಲವೂ ಇವೆ.

ಪರಿಶೀಲನೆಯ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. 2018ರ ನವೆಂಬರ್ 8ರಂದು ಹೊತ್ತಿಕೊಂಡ ಆ ಬೆಂಕಿ 85 ಜನರನ್ನು ಬಲಿ ಪಡೆದು, 18,000ಕ್ಕೂ ಹೆಚ್ಚು ಕಟ್ಟಡಗಳನ್ನು ನಾಶಮಾಡಿತು. ಹಳೆಯ ವಿದ್ಯುತ್ ಮಾರ್ಗದ ಸವೆದ ಕೊಕ್ಕೆಯೊಂದು ಮುರಿದದ್ದು ಅದಕ್ಕೆ ಕಾರಣವಾಗಿದ್ದು, ಆ ಮಾರ್ಗದ ಒಡೆತನ ಹೊಂದಿದ್ದ ವಿದ್ಯುತ್ ಕಂಪನಿ ಪಿಜಿ ಅಂಡ್ ಇ 2020ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಹೀಗಾಗಿ ವಿದ್ಯಾರ್ಥಿಗಳು ಕಂತನ್ನು ದಾಖಲೆಗಳೊಂದಿಗೆ ತಾಳೆ ನೋಡಬಹುದು. ಮುಚ್ಚಿದ ದೇಶದ ವರದಿಗೆ ಅಂತಹ ಅನುಕೂಲವಿಲ್ಲ. ಆ ಕೊರತೆಯೇ ಒಳ್ಳೆಯ ಪಾಠ ಎಂಬುದು ನನ್ನ ಅಭಿಪ್ರಾಯ.

ಭಾಷೆಯ ತೊಡಕು ಎರಡರಲ್ಲೂ ಒಂದೇ.

ಮೂಲಗಳ ರಕ್ಷಣೆಯನ್ನು ಕಲಿಸುವ ತರಗತಿಗೆ ಮೊದಲನೆಯದು ಹೊಂದುತ್ತದೆ. ಹೊಣೆಗಾರಿಕೆಯ ಬೆನ್ನುಹತ್ತುವುದನ್ನು ಕಲಿಸಿ, 2019ರ ಫೆಬ್ರವರಿಯ ಬಂಡೀಪುರ ಬೆಂಕಿಯ ಕುರಿತು ವಿದ್ಯಾರ್ಥಿಗಳಿಂದಲೇ ವರದಿ ಬರೆಸುವ ಉದ್ದೇಶವಿದ್ದರೆ ಎರಡನೆಯದನ್ನು ಆರಿಸಬಹುದು. ಆದರೆ ಅದರ ದೃಶ್ಯಗಳು ಮನಸ್ಸನ್ನು ಕಲಕುವುದರಿಂದ ವಿದ್ಯಾರ್ಥಿಗಳಿಗೆ ಮುಂಚಿತವಾಗಿ ತಿಳಿಸುವುದು ಅಗತ್ಯ.