ಎಂಜಿನ್ ಶಾಖದಿಂದ ಕಾಯುವ ಬಿಸಿನೀರಿನ ಟ್ಯಾಂಕ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಹಾಯಿದೋಣಿಯಲ್ಲಿ ಕೆಲವು ವರ್ಷಗಳಿಂದ 40 ಲೀಟರಿನ ಬಿಸಿನೀರಿನ ಟ್ಯಾಂಕ್ ಒಂದನ್ನು ಬಳಸುತ್ತಿದ್ದೇವೆ. ಸ್ಟೇನ್‌ಲೆಸ್ ಸ್ಟೀಲಿನ ಗಟ್ಟಿ ಟ್ಯಾಂಕು; ಅಳತೆ, ತೂಕ, ಜೋಡಣೆಯ ವಿವರಗಳೆಲ್ಲ ಕಂಪನಿಯ ಕೈಪಿಡಿಯಲ್ಲಿ ಇರುವುದರಿಂದ ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನಾನು ಬರೆಯಲು ಹೊರಟಿರುವುದು ಆ ಕೈಪಿಡಿ ಒಂದು ಸಾಲಿನಲ್ಲೂ ಹೇಳದ ಸಂಗತಿಯನ್ನು. ಟ್ಯಾಂಕನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಕೂರಿಸಿದರೆ ಅದರೊಳಗೆ ಎಂಜಿನ್ನಿನ ಬಿಸಿ ದ್ರವ ಹರಿಯುವ ಕೊಳವೆಯ ಸುರುಳಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಮತ್ತು ಆ ಗಾಳಿಯನ್ನು ಹೊರಗೆ ಬಿಡುವುದಕ್ಕೆ ಈ ಟ್ಯಾಂಕಿನಲ್ಲಿ ಯಾವ ದಾರಿಯನ್ನೂ ಇಟ್ಟಿಲ್ಲ.

ಡೀಸೆಲ್ ಎಂಜಿನ್ ಸುಡುವ ಇಂಧನದ ಶಾಖದಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಕೂಲಂಟಿಗೆ, ಅಂದರೆ ಎಂಜಿನ್ನನ್ನು ತಂಪಾಗಿಡಲು ಅದರೊಳಗೆ ಸುತ್ತುವ ದ್ರವಕ್ಕೆ ಸೇರಿ, ಅಲ್ಲಿಂದ ಸಮುದ್ರದ ನೀರಿನ ಪಾಲಾಗುತ್ತದೆ. ಹೀಗೆ ವ್ಯರ್ಥವಾಗಿ ಹೋಗುವ ಶಾಖವನ್ನೇ ಟ್ಯಾಂಕಿನ ಸುರುಳಿಯ ಮೂಲಕ ಹಾಯಿಸಿ ನೀರು ಕಾಯಿಸುವುದು ಇದರ ಲೆಕ್ಕಾಚಾರ. ಬಂದರಿನಲ್ಲಿ ವಿದ್ಯುತ್ ಸಿಕ್ಕಾಗ ಬಳಸಲು ಒಂದು ವಿದ್ಯುತ್ ಹೀಟರ್ ಕೂಡ ಟ್ಯಾಂಕಿನಲ್ಲೇ ಇದೆ. ನಮಗೆ ಲಂಗರು ಹಾಕಿ ರಾತ್ರಿ ಕಳೆಯುವ ಅಭ್ಯಾಸ ಹೆಚ್ಚು, ಬಂದರಿಗೆ ಹೋಗುವುದು ಕಡಿಮೆ. ಆದ್ದರಿಂದ ನನ್ನ ಮಟ್ಟಿಗೆ ಈ ಟ್ಯಾಂಕಿನ ಬೆಲೆ ನಿಂತಿರುವುದು ಎಂಜಿನ್ನಿನಿಂದ ಅದು ಎಷ್ಟು ಚೆನ್ನಾಗಿ ಕಾಯುತ್ತದೆ ಎಂಬುದರ ಮೇಲೆಯೇ.

ಮೊದಲ ಋತುವಿನಲ್ಲಿ ಅದು ಕಾಯಲೇ ಇಲ್ಲ. ಗಂಟೆಗಟ್ಟಲೆ ಎಂಜಿನ್ ಓಡಿಸಿ ಬಂದರೂ ನಲ್ಲಿಯಲ್ಲಿ ಬರುತ್ತಿದ್ದುದು ಉಗುರುಬೆಚ್ಚಗಿನ ನೀರು, ಅದೂ ಒಂದೆರಡು ಪಾತ್ರೆ ತೊಳೆಯುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಹಣ ಕೊಟ್ಟು, ಸೀಟಿನ ಕೆಳಗಿನ ಸಾಮಾನು ಇಡುವ ಜಾಗವನ್ನೂ ಬಿಟ್ಟುಕೊಟ್ಟು ಪಡೆದ ಸೌಕರ್ಯ ಇದೇನಾ ಎಂದು ನಿಜಕ್ಕೂ ಬೇಸರವಾಗಿತ್ತು.

ಇಂಥ ತೊಂದರೆ ಬಂದಾಗ ಮೊದಲು ಮಾಡಬೇಕಾದ ಪರೀಕ್ಷೆ ಬಹಳ ಸರಳ. ಎಂಜಿನ್ನನ್ನು ಮುಟ್ಟದೆ, ಟ್ಯಾಂಕನ್ನು ವಿದ್ಯುತ್ತಿನಿಂದ ಮಾತ್ರ ಕಾಯಿಸಿ ನೋಡಬೇಕು. 40 ಲೀಟರ್ ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಏರಿಸಲು ಸುಮಾರು 2.3 ಯೂನಿಟ್ ವಿದ್ಯುತ್ ಬೇಕು. 750 ವ್ಯಾಟಿನ ಹೀಟರ್ ಆದರೆ ಮೂರು ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತಿನ ನಂತರ ನಲ್ಲಿಯಲ್ಲಿ ಬಿಸಿನೀರು ಚೆನ್ನಾಗಿ ಬಂದರೆ ಟ್ಯಾಂಕು, ಅದರ ಹೊದಿಕೆ, ಬಿಸಿನೀರಿಗೆ ತಣ್ಣೀರು ಬೆರೆಸುವ ವಾಲ್ವು ಎಲ್ಲವೂ ಸರಿಯಿವೆ ಎಂದೇ ಅರ್ಥ, ದೋಷವನ್ನು ಎಂಜಿನ್ ಕಡೆಗೆ ಹುಡುಕಬೇಕು. ಹಾಗೆ ಕಾಯಿಸಿದಾಗಲೂ ನೀರು ಬೆಚ್ಚಗಷ್ಟೇ ಬಂದರೆ ಬೆರೆಸುವ ವಾಲ್ವು ಸಿಕ್ಕಿಕೊಂಡು ತಣ್ಣೀರನ್ನು ಹೆಚ್ಚು ಬಿಡುತ್ತಿರುವ ಸಾಧ್ಯತೆ ದೊಡ್ಡದು. ನಮ್ಮಲ್ಲಿ ವಿದ್ಯುತ್ತಿನಿಂದ ನೀರು ಕುದಿಯುವ ಹಾಗೆ ಕಾಯುತ್ತಿತ್ತು.

ಎರಡನೆಯ ಪರೀಕ್ಷೆಗೆ ಬೇಕಾದದ್ದು ಅಂಗೈ ಮಾತ್ರ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ತಿರುಗುವ ಬೆಲ್ಟಿನಿಂದ ಕೈಯನ್ನು ದೂರವಿಟ್ಟುಕೊಂಡು, ಟ್ಯಾಂಕಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡೂ ಹೋಸ್‌ಗಳನ್ನು ಉದ್ದಕ್ಕೂ ಮುಟ್ಟುತ್ತಾ ಹೋಗಬೇಕು. ಕೂಲಂಟ್ ಹರಿಯುತ್ತಿದ್ದರೆ ಹೋಗುವ ಹೋಸ್ ಕೈಯಿಡಲಾಗದಷ್ಟು ಬಿಸಿಯಿದ್ದು, ಮರಳುವ ಹೋಸ್ ಅದಕ್ಕಿಂತ ಸ್ವಲ್ಪವೇ ಕಡಿಮೆ ಬಿಸಿಯಿರುತ್ತದೆ. ನಮ್ಮ ದೋಣಿಯಲ್ಲಿ ಎಂಜಿನ್ನಿನ ಹತ್ತಿರದ ಒಂದು ಮೊಳ ಹೋಸ್ ಸುಡುತ್ತಿತ್ತು, ಮುಂದೆ ಹೋದಂತೆ ಆ ಬಿಸಿ ಇಳಿಯುತ್ತಾ ಟ್ಯಾಂಕಿನ ಬಳಿ ಬರುವಷ್ಟರಲ್ಲಿ ಬರೀ ಬೆಚ್ಚಗಾಗಿತ್ತು, ಮರಳುವ ಹೋಸ್ ಅಂತೂ ತಣ್ಣಗೇ ಇತ್ತು. ಹರಿವು ಇಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ತಡೆದಿಡುವ ವಾಲ್ವಾದ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ನಿಂತಿದ್ದರೆ ಎಂಜಿನ್ನೇ ಬಿಸಿಯಾಗುತ್ತಿರಲಿಲ್ಲ. ಮೀಟರಿನ ಮುಳ್ಳು 80 ಡಿಗ್ರಿಯ ಆಸುಪಾಸಿನಲ್ಲಿ ಇದ್ದುದರಿಂದ ಆ ಸಂಶಯವನ್ನು ಬಿಟ್ಟೆ. ಸಮುದ್ರದ ನೀರನ್ನೇ ನೇರವಾಗಿ ಎಂಜಿನ್ನಿನೊಳಗೆ ಹಾಯಿಸಿ ತಂಪು ಮಾಡುವ ದೋಣಿಗಳ ಮಾತು ಬೇರೆ. ಅಲ್ಲಿ ಉಪ್ಪು ಕಟ್ಟಿಕೊಳ್ಳದಿರಲೆಂದು ಉಷ್ಣತೆಯನ್ನು 60 ಡಿಗ್ರಿಯ ಹತ್ತಿರಕ್ಕೇ ಮಿತಿಗೊಳಿಸಿರುತ್ತಾರೆ, ಆದ್ದರಿಂದ ಅಂಥ ದೋಣಿಯವರು ಇದಕ್ಕಿಂತ ಬಿಸಿ ನೀರು ಬರಲಿಲ್ಲವೆಂದು ದೋಷ ಹುಡುಕುತ್ತಾ ಕೂರಬೇಕಾಗಿಲ್ಲ. ಹೋಸ್‌ಗಳನ್ನು ಎಂಜಿನ್ನಿನ ಯಾವ ಜಾಗದಿಂದ ತೆಗೆದಿದ್ದಾರೆ ಎಂಬುದನ್ನೂ ನೋಡಿದೆ. ಹೋಗುವ ಹೋಸ್ ಥರ್ಮೋಸ್ಟಾಟಿಗಿಂತ ಮೊದಲು ಹೊರಟು, ಮರಳುವ ಹೋಸ್ ಕೂಲಂಟ್ ಪಂಪು ಎಳೆದುಕೊಳ್ಳುವ ಬದಿಗೆ ಸೇರಬೇಕು. ಅದು ಸರಿಯಾಗಿಯೇ ಇತ್ತು.

ಉಳಿದದ್ದು ಗಾಳಿ. ಪೂರ್ತಿ ತುಂಬಿದ ಮುಚ್ಚಿದ ಸುತ್ತಿನಲ್ಲಿ ಎತ್ತರ ಎಂಬುದು ಪಂಪಿಗೆ ಹೊರೆಯೇ ಅಲ್ಲ, ಏಕೆಂದರೆ ಮೇಲೇರುವ ಕೂಲಂಟಿನ ತೂಕವನ್ನು ಕೆಳಗಿಳಿಯುವ ಕೂಲಂಟಿನ ತೂಕ ಸರಿದೂಗಿಸುತ್ತದೆ. ಆದರೆ ಮೇಲಿನ ತಿರುವಿನಲ್ಲಿ ಗಾಳಿ ನಿಂತರೆ ಆ ಸಮತೋಲನ ತಪ್ಪುತ್ತದೆ. ಎಂಜಿನ್ನಿನ ಪುಟ್ಟ ಪಂಪಿಗೆ ಆ ಗಾಳಿಯನ್ನು ಕೆಳಕ್ಕೆ ತಳ್ಳುವ ಶಕ್ತಿ ಇಲ್ಲದೆ ಕೂಲಂಟ್ ಎಂಜಿನ್ನಿನೊಳಗಿನ ಸುಲಭದ ದಾರಿಯಲ್ಲೇ ಸುತ್ತುತ್ತಿರುತ್ತದೆ. ನಮ್ಮ ಹೋಸ್‌ಗಳು ಒಂದು ಅಡ್ಡಗೋಡೆಯನ್ನು ಹತ್ತಿ, ಇಳಿದು, ಮತ್ತೆ ಟ್ಯಾಂಕಿಗೆ ಹತ್ತುತ್ತಿದ್ದವು. ಗಾಳಿ ನಿಲ್ಲಲು ಒಂದಲ್ಲ, ಎರಡು ಜಾಗ.

ಗಾಳಿ ತೆಗೆಯುವ ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮಾಡಬೇಕು, ಬಿಸಿಯಿದ್ದಾಗ ಕೂಲಂಟ್ ತುಂಬುವ ಬಾಯಿಯ ಪ್ರೆಶರ್ ಕ್ಯಾಪ್ ತೆರೆದರೆ ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ಕ್ಯಾಪ್ ತೆಗೆದಿಟ್ಟು, ಮರಳುವ ಹೋಸನ್ನು ಎಂಜಿನ್ನಿನ ಬದಿಯಲ್ಲಿ ಬಿಚ್ಚಿ, ಬಿಚ್ಚಿದ ಮೂತಿಗೆ ಒಂದು ತಾತ್ಕಾಲಿಕ ಮುಚ್ಚಳ ಹಾಕಿ, ಹೋಸಿನ ತುದಿಯನ್ನು ಟ್ಯಾಂಕಿಗಿಂತ ಮೇಲೆ ಎತ್ತಿ ಹಿಡಿದು, ಆಲಿಕೆಯಿಟ್ಟು ನಿಧಾನವಾಗಿ ಕೂಲಂಟ್ ಸುರಿಯುತ್ತಾ ಹೋಗಬೇಕು. ಸುರಿದದ್ದು ಸುರುಳಿಯನ್ನು ಹಾದು, ಟ್ಯಾಂಕಿಗೆ ಹೋಗುವ ಹೋಸಿನ ಮೂಲಕ ಎಂಜಿನ್ನಿಗೆ ಇಳಿಯುವಾಗ ಗಾಳಿಯನ್ನು ತನ್ನ ಮುಂದೆ ನೂಕಿಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಲಿಕೆಯಲ್ಲಿ ಹಸಿರು ಕೂಲಂಟ್ ಕದಲದೆ ನಿಂತಿರುತ್ತದೆ. ಆಮೇಲೆ ಗೋಡೆಯ ಹಿಂದೆ ಗುಳುಗುಳು ಸದ್ದು ಕೇಳಿ, ಆಲಿಕೆ ಒಮ್ಮೆಲೇ ಖಾಲಿಯಾಗಿ, ಕ್ಯಾಪ್ ತೆಗೆದ ಬಾಯಿಯಲ್ಲಿ ದೊಡ್ಡ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತು ಮಟ್ಟ ಒಂದೇ ಸಮನೆ ಏರತೊಡಗಿದ ಮೇಲೆ ಹೋಸನ್ನು ಬೆರಳಿನಿಂದ ಮುಚ್ಚಿಕೊಂಡೇ ಕೆಳಗಿಳಿಸಿ, ಬೇಗನೆ ಜೋಡಿಸಿ, ಕ್ಲಿಪ್ ಬಿಗಿ ಮಾಡಬೇಕು. ಆ ದಿನ ಅರ್ಧ ಗಂಟೆ ಎಂಜಿನ್ ಓಡುವಷ್ಟರಲ್ಲಿ ಮರಳುವ ಹೋಸ್ ಸುಡತೊಡಗಿತು.

ಆದರೆ ಕೆಲವು ವಾರಗಳಲ್ಲಿ ಗಾಳಿ ಮತ್ತೆ ಸೇರಿಕೊಂಡಿತು. ಸುತ್ತಿನ ಅತಿ ಎತ್ತರದ ಜಾಗ ಕೂಲಂಟ್ ತುಂಬುವ ಬಾಯಿಗಿಂತ ಮೇಲಿರುವವರೆಗೂ ಇದು ತಪ್ಪುವುದಿಲ್ಲ. ಶಾಶ್ವತ ಪರಿಹಾರವೆಂದರೆ ಸುರುಳಿಗಿಂತಲೂ ಎತ್ತರದಲ್ಲಿ ಇನ್ನೊಂದು ಪುಟ್ಟ ಕೂಲಂಟ್ ಟ್ಯಾಂಕನ್ನು ಕೂರಿಸಿ, ಪ್ರೆಶರ್ ಕ್ಯಾಪನ್ನು ಅದಕ್ಕೆ ವರ್ಗಾಯಿಸಿ, ಎಂಜಿನ್ನಿನ ಮೇಲಿನ ಬಾಯಿಗೆ ಒತ್ತಡ ಬಿಡದ ಸಾದಾ ಮುಚ್ಚಳ ಹಾಕುವುದು. ಅದನ್ನೇ ಮಾಡಿಸಿದೆ, ಹೋಸ್‌ಗಳನ್ನೂ ಎಲ್ಲೂ ಇಳಿಯದೆ ಒಂದೇ ಸಮನೆ ಏರುವಂತೆ ತಿರುಗಿ ಎಳೆಸಿ, ಅತಿ ಮೇಲಿನ ಜಾಗದಲ್ಲಿ ಗಾಳಿ ಬಿಡುವ ಸ್ಕ್ರೂ ಇರುವ T ಆಕಾರದ ಜೋಡಣೆ ಹಾಕಿಸಿದೆ. ಆ ಸ್ಕ್ರೂ ಒಂದು ಸಣ್ಣ ಹಿತ್ತಾಳೆಯ ತುಂಡು. ಅದನ್ನು ಸುರುಳಿಯ ಬಾಯಲ್ಲೇ ಇಟ್ಟು ಮಾರುವುದು ತಯಾರಕರಿಗೆ ದೊಡ್ಡ ಖರ್ಚಲ್ಲ. ಸೀಟಿನ ಕೆಳಗೆ ಕೂರಲೆಂದೇ ಮಾಡಿದ ಟ್ಯಾಂಕು ಬಹಳಷ್ಟು ದೋಣಿಗಳಲ್ಲಿ ಎಂಜಿನ್ನಿಗಿಂತ ಎತ್ತರದಲ್ಲೇ ಇರುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೂ ಅಲ್ಲ. ಈ ಒಂದು ದೂರು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಇಷ್ಟಾದ ಮೇಲೆ ಟ್ಯಾಂಕಿನ ಒಳ್ಳೆಯತನವನ್ನು ಹೇಳದಿದ್ದರೆ ಅನ್ಯಾಯವಾದೀತು. ಈಗ ಲಂಗರಿನ ಜಾಗ ತಲುಪಲು ಒಂದು ಗಂಟೆ ಎಂಜಿನ್ ಓಡಿದರೂ ಸಾಕು. 80 ಡಿಗ್ರಿಗೆ ಕಾದ 40 ಲೀಟರಿಗೆ 20 ಡಿಗ್ರಿಯ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ ನೀರು 120 ಲೀಟರಿನಷ್ಟು ಆಗುತ್ತದೆ; ನಮ್ಮಂತೆ ನೀರನ್ನು ಅಳೆದು ಬಳಸುವವರಿಗೆ ಅದು ಧಾರಾಳ. ಲಂಗರು ಕಚ್ಚಿತೆಂದು ಖಚಿತವಾದ ಮೇಲೆ ಎಂಜಿನ್ ನಿಲ್ಲಿಸಿ, ಹಗ್ಗಗಳನ್ನು ಸುತ್ತಿಟ್ಟು, ಉಪ್ಪು ಅಂಟಿದ ಮುಖಕ್ಕೂ ಕುತ್ತಿಗೆಗೂ ಬಿಸಿನೀರು ಎರಚಿಕೊಂಡಾಗ ಚರ್ಮದ ಬಿಗಿತ ಸಡಿಲವಾಗುವ ಆ ಸುಖವನ್ನು ಬಲ್ಲವರೇ ಬಲ್ಲರು. ಮರುದಿನ ಬೆಳಿಗ್ಗೆ ಕ್ಷೌರಕ್ಕೂ ಲೋಟ ತೊಳೆಯಲಿಕ್ಕೂ ಬೇಕಾದಷ್ಟು ಬಿಸಿ ಉಳಿದಿರುತ್ತದೆ ಎಂಬುದು ನಾನು ನಿರೀಕ್ಷಿಸದೆ ಸಿಕ್ಕ ಲಾಭ. ಹೊದಿಕೆ ದಪ್ಪವಾಗಿರುವುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ, ನನ್ನನ್ನು ಅಷ್ಟು ಕಾಡಿದ ಆ ಎತ್ತರವೇ. ಎಂಜಿನ್ ನಿಂತು ತಣ್ಣಗಾದಾಗ ಭಾರವಾದ ತಣ್ಣನೆಯ ಕೂಲಂಟ್ ಕೆಳಗೆ, ಹಗುರಾದ ಬಿಸಿ ಕೂಲಂಟ್ ಮೇಲೆ ಉಳಿಯುವುದರಿಂದ ಸುತ್ತಿನಲ್ಲಿ ತಾನಾಗಿಯೇ ಹರಿವು ಹುಟ್ಟುವುದಿಲ್ಲ. ಟ್ಯಾಂಕು ಎಂಜಿನ್ನಿಗಿಂತ ಕೆಳಗಿದ್ದರೆ ಅದರ ಬಿಸಿ ರಾತ್ರಿಯೆಲ್ಲ ಮೇಲಕ್ಕೆ ಹತ್ತಿ ಎಂಜಿನ್ನಿಗೆ ಸೋರಿಹೋಗಬಹುದಿತ್ತು.

ತಣ್ಣೀರು ಬೆರೆಸುವ ವಾಲ್ವನ್ನು ಮಾತ್ರ ಉಳಿತಾಯದ ಹೆಸರಿನಲ್ಲಿ ಯಾರೂ ಬಿಡಬಾರದು. 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ, ಎಂಜಿನ್ ಕಾಯಿಸಿದ ನೀರು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಟ್ಯಾಂಕು ಕಾದಾಗಲೆಲ್ಲ ಸುರಕ್ಷತಾ ವಾಲ್ವಿನಿಂದ ದೋಣಿಯ ತಳಕ್ಕೆ ನೀರು ತೊಟ್ಟಿಕ್ಕುವುದನ್ನು ಕಂಡು ಸೋರಿಕೆಯೆಂದು ಗಾಬರಿಯಾಗುವವರಿದ್ದಾರೆ. 20ರಿಂದ 80 ಡಿಗ್ರಿಗೆ ಏರುವಾಗ 40 ಲೀಟರ್ ನೀರು ಸುಮಾರು ಒಂದು ಲೀಟರಿನಷ್ಟು ಹಿಗ್ಗುತ್ತದೆ, ಹಿಂದಕ್ಕೆ ಹೋಗಲು ಒಮ್ಮುಖ ವಾಲ್ವು ಬಿಡದಿರುವುದರಿಂದ ಅದು ಸುರಕ್ಷತಾ ವಾಲ್ವಿನಿಂದಲೇ ಹೊರಬೀಳಬೇಕು. ಒಮ್ಮುಖ ವಾಲ್ವಿಗೂ ಟ್ಯಾಂಕಿಗೂ ನಡುವೆ ಚಿಕ್ಕದೊಂದು ಹಿಗ್ಗುವಿಕೆಯ ಪಾತ್ರೆ ಕೂರಿಸಿದ ಮೇಲೆ ನಮ್ಮಲ್ಲಿ ಅದು ನಿಂತಿದೆ.

ಹೆಚ್ಚು ಸಮಯ ಬಂದರಿನಲ್ಲೇ ವಿದ್ಯುತ್ ಸಂಪರ್ಕದೊಂದಿಗೆ ಇರುವವರಿಗೆ ಈ ಸುರುಳಿ, ಹೋಸ್‌ಗಳ ಉಸಾಬರಿಯೇ ಬೇಡ, ವಿದ್ಯುತ್ತಿನಿಂದಷ್ಟೇ ಕಾಯುವ ಟ್ಯಾಂಕು ಅವರಿಗೆ ಸಾಕು. ಲಂಗರಿನಲ್ಲಿ ಕಾಲ ಕಳೆಯುವವರು ಧೈರ್ಯವಾಗಿ ಇದನ್ನು ಕೊಳ್ಳಬಹುದು, ಆದರೆ ಸೀಟಿನ ಹಲಗೆ ಮುಚ್ಚುವ ಮುನ್ನವೇ ಗಾಳಿ ಬಿಡುವ ಸ್ಕ್ರೂ ಹಾಕಿಸಿಕೊಳ್ಳಬೇಕು. ಆಮೇಲೆ ಎಂಜಿನ್ ಎಣ್ಣೆ ನೋಡುವಾಗಲೆಲ್ಲ ಕೂಲಂಟಿನ ಮಟ್ಟವನ್ನೂ ನೋಡುತ್ತಿರಬೇಕು. ಅದು ಇಳಿದರೆ ಸೋರಿಕೆಯನ್ನು ಹೊರಗೆ ಹುಡುಕಬಹುದು. ಏನೂ ಸುರಿಯದೆ ತಾನಾಗಿಯೇ ಏರುತ್ತಿದ್ದರೆ ಸುರುಳಿ ಒಳಗೆ ತೂತಾಗಿ, ನಲ್ಲಿಯ ಪಂಪಿನ ಹೆಚ್ಚಿನ ಒತ್ತಡಕ್ಕೆ ಸಿಹಿನೀರು ಕೂಲಂಟಿನೊಳಗೆ ನುಗ್ಗುತ್ತಿರುವ ಸಂಭವವಿದೆ. ಪಂಪು ಆರಿಸಿದಾಗ ಅದೇ ತೂತಿನಿಂದ ಕೂಲಂಟಿನಲ್ಲಿರುವ ವಿಷಕಾರಿ ಗ್ಲೈಕಾಲ್ ಬಳಸುವ ನೀರಿಗೆ ಸೇರಬಹುದಾದ್ದರಿಂದ, ಎರಡೂ ಹೋಸ್‌ಗಳನ್ನು ಟ್ಯಾಂಕಿನಿಂದ ಬಿಚ್ಚಿ ಎಂಜಿನ್ನಿನ ಬದಿಯಲ್ಲೇ ಒಂದಕ್ಕೊಂದು ಜೋಡಿಸಬೇಕು, ಸುರುಳಿಯನ್ನು ಪರೀಕ್ಷಿಸುವವರೆಗೆ ಆ ಟ್ಯಾಂಕಿನ ನೀರನ್ನು ಬಾಯಿಗೆ ಹಾಕಬಾರದು.