ಆಂಪ್ ಇಲ್ಲದೆ ವೇದಿಕೆ ಮೇಲೆ ಬೇಸ್: ಸಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ ವಿ2 ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಟೆಕ್ 21 ಕಂಪನಿಯ ಸಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ, ಅಂದರೆ ಬೇಸ್ ಗಿಟಾರ್‌ನ ಸಿಗ್ನಲ್ಲನ್ನು ನೇರ ಮಿಕ್ಸರ್‌ಗೆ ಕಳಿಸುವ ಪೆಡಲ್, ಕಾಲ ಬಳಿ ಇದ್ದರೆ ವೇದಿಕೆ ಮೇಲೆ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಇಲ್ಲದೆ ಬೇಸ್ ನುಡಿಸಬಹುದು, ಚೆನ್ನಾಗಿಯೇ ನುಡಿಸಬಹುದು. ಆದರೆ ಈ ಡಬ್ಬಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಉಳಿದರ್ಧ ನಿಮ್ಮ ಕಿವಿಗೆ ಏನು ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಅದನ್ನು ಸರಿ ಮಾಡಿಕೊಳ್ಳದೆ ಬರೀ ಪೆಡಲ್ ಕೊಂಡವರು ಆಂಪ್ ಇಲ್ಲದೆ ಮಜಾನೇ ಇಲ್ಲ ಅಂತ ಹೇಳಿ ಬಿಟ್ಟುಬಿಡುತ್ತಾರೆ. ಅದು ಪೆಡಲ್‌ನ ತಪ್ಪಲ್ಲ.

ಬೇಸ್‌ಗೆ ಅಷ್ಟು ದೊಡ್ಡ ಆಂಪ್ ಯಾಕೆ ಬೇಕಾಯಿತು ಅಂತ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಆಂಪೆಗ್ ಎಸ್‌ವಿಟಿ ಬಂದಿದ್ದು 1969ರಲ್ಲಿ. 300 ವಾಟ್‌ನ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್, ಅದರ ಕೆಳಗೆ ಹತ್ತು ಇಂಚಿನ ಎಂಟು ಸ್ಪೀಕರ್ ಇರುವ, ಎದೆ ಮಟ್ಟದ ಪೆಟ್ಟಿಗೆ. ಆ ಪೆಟ್ಟಿಗೆಯೊಂದೇ 60 ಕೆಜಿ ದಾಟುತ್ತದೆ. ಆ ಕಾಲದಲ್ಲಿ ಪಿಎ, ಅಂದರೆ ಕೇಳುಗರಿಗೆ ಸದ್ದು ಮುಟ್ಟಿಸುವ ಸ್ಪೀಕರ್ ವ್ಯವಸ್ಥೆ, ಇದ್ದದ್ದು ಮುಖ್ಯವಾಗಿ ಹಾಡುವವರ ಮೈಕ್‌ಗೆ. ಬೇಸ್ ಕೊನೆಯ ಸಾಲಿನವರೆಗೂ ಮುಟ್ಟಬೇಕು ಅಂದರೆ ವೇದಿಕೆ ಮೇಲಿನ ಪೆಟ್ಟಿಗೆಯೇ ಮುಟ್ಟಿಸಬೇಕಿತ್ತು. ಈಗ ಆ ಕೆಲಸವನ್ನು ಪಿಎ, ಅದರ ಸಬ್‌ವೂಫರ್‌ಗಳು (ಸಬ್, ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಮಾಡುತ್ತವೆ. ಆಂಪ್‌ಗೆ ಉಳಿದಿರುವುದು ಎರಡೇ ಕೆಲಸ: ಬೇಸ್‌ಗೆ ಒಂದು ಬಣ್ಣ ಕೊಡುವುದು, ನುಡಿಸುವವನಿಗೆ ತನ್ನ ಸದ್ದು ಕೇಳಿಸುವುದು. ಬಣ್ಣದ ಕೆಲಸವನ್ನು ಈ ಪೆಡಲ್ ತೆಗೆದುಕೊಳ್ಳುತ್ತದೆ. ಕೇಳಿಸುವ ಕೆಲಸವನ್ನು ಯಾರು ಮಾಡುತ್ತಾರೆ ಅನ್ನುವುದು ನೀವೇ ಉತ್ತರಿಸಬೇಕಾದ ಪ್ರಶ್ನೆ.

ಆಂಪ್ ಇಲ್ಲದ ಬೇಸ್‌ಗೆ ಜೀವ ಇರುವುದಿಲ್ಲ ಅನ್ನುವವರಿಗೆ ಒಂದು ಮಾತು. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ಆಂಪ್ ಇಲ್ಲದೆ ನೇರವಾಗಿ ಕನ್ಸೋಲ್‌ಗೆ (ರೆಕಾರ್ಡಿಂಗ್ ಮಿಕ್ಸರ್) ಹೋಗುತ್ತಿತ್ತು. ಇವತ್ತಿಗೂ ಬೇಸ್ ಕಲಿಯುವವರೆಲ್ಲ ಕೇಳಿ ಕಲಿಯುವುದು ಆ ಸದ್ದನ್ನೇ ಅಲ್ವಾ? ವೇದಿಕೆಗೆ ಬಂದರೆ, ಕೆನಡಾದ ರಶ್ ರಾಕ್ ಬ್ಯಾಂಡಿನ ಬೇಸ್ ವಾದಕ ಗೆಡ್ಡಿ ಲೀ ವರ್ಷಗಟ್ಟಲೆ ಹಿಂದೆ ಆಂಪ್ ಇಲ್ಲದೆ ದೊಡ್ಡ ದೊಡ್ಡ ಅರೀನಾಗಳಲ್ಲಿ ನುಡಿಸಿದರು. ಅವರ ಸಿಗ್ನಲ್ ಸೀದಾ ಪಿಎಗೆ. ಆಂಪ್ ಇರಬೇಕಾದ ಜಾಗ ಖಾಲಿ ಕಾಣುತ್ತದೆ ಅಂತ 2002ರ ಪ್ರವಾಸದಲ್ಲಿ ಅಲ್ಲಿ ಬಟ್ಟೆ ಒಣಗಿಸುವ ಯಂತ್ರಗಳನ್ನು ಸಾಲಾಗಿ ಇಟ್ಟಿದ್ದರು. ಆ ಪ್ರವಾಸದ ಬೇಸ್ ಕೇಳಿದ ಯಾರೂ ಸದ್ದು ತೆಳುವಾಗಿದೆ ಅನ್ನಲಾರರು.

ಈಗ ಡಬ್ಬಿಯ ವಿಷಯ. ಟೆಕ್ 21 ಸ್ಥಾಪಕ ಆಂಡ್ರ್ಯೂ ಬಾರ್ಟಾ ಮೊದಲ ಸಾನ್ಸ್‌ಆಂಪ್ ತಂದಿದ್ದು 1989ರಲ್ಲಿ. ಬೇಸ್‌ಗಾಗಿಯೇ ಮಾಡಿದ ಈ ಮಾದರಿ ಆಮೇಲೆ ಬಂತು. ಒಳಗಿರುವುದು ಪೂರ್ತಿ ಅನಲಾಗ್ ಸರ್ಕ್ಯೂಟ್. ಮೆನು ಇಲ್ಲ, ಸ್ಕ್ರೀನ್ ಇಲ್ಲ, ಸಿಗ್ನಲ್ ಡಿಜಿಟಲ್ ಆಗಿ ತಡವಾಗುವ ಪ್ರಶ್ನೆಯೇ ಇಲ್ಲ. ವಾಲ್ವ್ ಆಂಪ್, ಅದರ ಸ್ಪೀಕರ್, ಅದರ ಮುಂದಿಟ್ಟ ಮೈಕ್ ಇವೆಲ್ಲ ಸೇರಿ ಕೊಡುವ ಸದ್ದನ್ನು ಒಂದೇ ಸರ್ಕ್ಯೂಟ್‌ನಲ್ಲಿ ಹಿಡಿಯುವ ಪ್ರಯತ್ನ ಇದು. ಮುಖದ ಮೇಲೆ ನಾಬ್‌ಗಳು ಇಷ್ಟೇ: ಲೆವೆಲ್, ಬ್ಲೆಂಡ್, ಟ್ರೆಬಲ್, ಮಿಡ್, ಬೇಸ್, ಡ್ರೈವ್, ಪ್ರೆಸೆನ್ಸ್.

ಇವುಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಮಿಡ್. ಹಳೆಯ ಮಾದರಿಯಲ್ಲಿ ಅದು ಇರಲೇ ಇಲ್ಲ. ಆ ಸರ್ಕ್ಯೂಟ್‌ನ ಗುಣವೇ ಹಾಗೆ, ಮಧ್ಯದ ಕಂಪನಾಂಕಗಳನ್ನು ಒಂದಿಷ್ಟು ಕೆರೆದು ತೆಗೆಯುತ್ತದೆ. ಒಬ್ಬರೇ ಕೂತು ಕೇಳಿದರೆ ಅದು ತುಂಬಾ ಚಂದ. ಕೆಳಗೆ ಗುಮ್ಮನೆ ತುಂಬಿಕೊಂಡು, ಮೇಲೆ ಗರಿಗರಿಯಾಗಿ ಕೇಳುತ್ತದೆ. ಆದರೆ ಗಿಟಾರ್, ಕೀಬೋರ್ಡ್, ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎಲ್ಲ ಸೇರಿದ ಕೂಡಲೇ ಬೇಸ್ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ವಿ2ನಲ್ಲಿ, ಅಂದರೆ ಈ ಎರಡನೆಯ ಆವೃತ್ತಿಯಲ್ಲಿ, ಮಿಡ್ ನಾಬ್ ಬಂತು, ಜೊತೆಗೆ ಅದನ್ನು 500 ಹರ್ಟ್ಸ್‌ನಲ್ಲಿ ಹಿಡಿಯಬೇಕೋ 1000 ಹರ್ಟ್ಸ್‌ನಲ್ಲೋ ಅಂತ ಆರಿಸುವ ಒಂದು ಗುಂಡಿಯೂ ಬಂತು. ಬೇಸ್ ನಾಬ್‌ಗೂ ಅಂಥದೇ ಗುಂಡಿ, 40 ಅಥವಾ 80 ಹರ್ಟ್ಸ್. ನನ್ನ ಪ್ರಕಾರ ಆಂಪ್ ಬಿಟ್ಟು ನುಡಿಸುವವರು ಹಳೆಯದನ್ನು ಬಿಟ್ಟು ವಿ2 ತೆಗೆದುಕೊಳ್ಳಲು ಈ ಒಂದು ಕಾರಣ ಸಾಕು. ನಾನು 500ಕ್ಕೆ ಇಟ್ಟು ಮಿಡ್ ಸ್ವಲ್ಪ ಏರಿಸುತ್ತೇನೆ, ಬ್ಲೆಂಡ್ ಅರ್ಧಕ್ಕಿಂತ ತುಸು ಮೇಲೆ. ಬ್ಲೆಂಡ್ ಪೂರ್ತಿ ತಿರುಗಿಸಿದರೆ ಬರೀ ಪೆಡಲ್‌ನ ಬಣ್ಣ ಕೇಳುತ್ತದೆ, ನಿಮ್ಮ ಬೆರಳಿನ ಸದ್ದು ಹಿಂದೆ ಸರಿಯುತ್ತದೆ.

ಸದ್ದನ್ನು ಒರಟಾಗಿಸುವ ಡ್ರೈವ್ ಬಗ್ಗೆಯೂ ಹೇಳಲೇಬೇಕು. ನಾಲ್ಕು ತಂತಿಯ ಬೇಸ್‌ನ ದಪ್ಪ ತಂತಿ ಕೊಡುವ ಸ್ವರ ಸುಮಾರು 41 ಹರ್ಟ್ಸ್. ಐದು ತಂತಿಯದಾದರೆ ಕೆಳಗಿನ ಬಿ ಸುಮಾರು 31 ಹರ್ಟ್ಸ್. ಎಷ್ಟೋ ಕಡೆ ಸ್ಪೀಕರ್‌ಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಆದರೂ ಸ್ವರ ಯಾವುದು ಅಂತ ನಮಗೆ ಗೊತ್ತಾಗುತ್ತದೆ, ಯಾಕೆಂದರೆ ಅದರ ಮೇಲಿನ 82, 123 ಹೀಗೆ ಎರಡು ಪಟ್ಟು ಮೂರು ಪಟ್ಟಿನ ಕಂಪನಗಳನ್ನು ಕೇಳಿ ಮೆದುಳು ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ಡ್ರೈವ್ ನಾಬ್ ಸ್ವಲ್ಪ ಏರಿಸಿದಾಗ ಈ ಮೇಲಿನ ಕಂಪನಗಳೇ ಜಾಸ್ತಿಯಾಗುತ್ತವೆ. ಹಾಗಾಗಿ ಕರ್ಕಶವಾಗದಷ್ಟು, ಗಟ್ಟಿಯಾಗಿ ಮೀಟಿದಾಗ ಮಾತ್ರ ಸ್ವಲ್ಪ ಒರಟಾಗುವಷ್ಟು ಡ್ರೈವ್ ಇಟ್ಟರೆ ಸಣ್ಣ ಸ್ಪೀಕರ್‌ನಲ್ಲೂ ಬೇಸ್ ಸ್ಪಷ್ಟವಾಗಿ ಕೇಳುತ್ತದೆ. ಸಾದಾ ಡಿಐ ಬಾಕ್ಸ್‌ಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಇದೇ. ಸಾದಾ ಡಿಐ ಸಿಗ್ನಲ್ಲನ್ನು ಉದ್ದ ಕೇಬಲ್‌ಗೆ ತಕ್ಕಂತೆ ಬದಲಿಸಿ ಕಳಿಸುತ್ತದೆ, ಅಷ್ಟೇ.

ಜೋಡಿಸುವಾಗ ಕೆಲವು ಸೂಕ್ಷ್ಮಗಳಿವೆ. ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವಂಥ ಮೂರು ಪಿನ್ನಿನ ಕೇಬಲ್) ಔಟ್‌ಪುಟ್ ನೇರ ಮಿಕ್ಸರ್‌ಗೆ ಹೋಗುತ್ತದೆ. ಅಲ್ಲಿಂದಲೇ 48 ವೋಲ್ಟ್ ಫ್ಯಾಂಟಮ್ ಪವರ್ ತೆಗೆದುಕೊಂಡು ಓಡಬಲ್ಲದು, ಇಲ್ಲವಾದರೆ 9 ವೋಲ್ಟ್ ಬ್ಯಾಟರಿ ಅಥವಾ ಅಡಾಪ್ಟರ್. ಫ್ಯಾಂಟಮ್ ಅನುಕೂಲ ನಿಜ, ಆದರೆ ಫ್ಯಾಂಟಮ್ ಬರಬೇಕಾದರೆ ಕೇಬಲ್‌ನ ಗ್ರೌಂಡ್ ಕೂಡಿರಲೇಬೇಕು. ಅಂದರೆ ಎಲ್ಲೋ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಗ್ರೌಂಡ್ ಕೂಡಿಕೊಳ್ಳುವುದು) ಆಗಿ ಹಮ್ ಅನ್ನುವ ಗುಂಯ್ ಸದ್ದು ಬಂದರೆ ಗ್ರೌಂಡ್ ಕಡಿದು ಅದನ್ನು ನಿಲ್ಲಿಸಲು ಆಗುವುದಿಲ್ಲ. ಅಂಥ ಹೊತ್ತಿಗೆ ಬ್ಯಾಟರಿಯೋ ಅಡಾಪ್ಟರೋ ಕೈಯಲ್ಲಿರಲಿ. ಇನ್ನೊಂದು, ಕಾಲಿನಿಂದ ಒತ್ತಿ ಪೆಡಲ್ ಆಫ್ ಮಾಡಿದರೂ ಡಿಐ ಆಗಿ ಕೆಲಸ ಮುಂದುವರಿಯುತ್ತದೆ, ಸದ್ದು ನಿಲ್ಲುವುದಿಲ್ಲ, ಆದರೆ ಲೆವೆಲ್ ನಾಬ್ ಆಗ ಲೆಕ್ಕಕ್ಕೆ ಬರುವುದಿಲ್ಲ. ಆನ್ ಇದ್ದಾಗಿನ ಸದ್ದು, ಆಫ್ ಇದ್ದಾಗಿನ ಸದ್ದು ಎರಡೂ ಒಂದೇ ಮಟ್ಟದಲ್ಲಿರುವಂತೆ ಮೊದಲೇ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಹಾಡಿನ ನಡುವೆ ಒತ್ತಿದಾಗ ಸೌಂಡ್ ಎಂಜಿನಿಯರ್ ಬೆಚ್ಚಿಬೀಳುತ್ತಾರೆ, ಮುಂದಿನ ಹಾಡಿಗೆ ಮಿಕ್ಸರ್‌ನಲ್ಲಿ ನಿಮ್ಮ ಸದ್ದಿನ ಫೇಡರ್ (ಮಟ್ಟ ಹೊಂದಿಸುವ ಗುಂಡಿ) ಕೆಳಗಿರುತ್ತದೆ.

ಯಾವ ಬಣ್ಣವನ್ನೂ ಹಚ್ಚದ ಸಿಗ್ನಲ್‌ಗೆ ಪ್ಯಾರಲಲ್ ಅಂತ ಬೇರೆಯೇ ಔಟ್‌ಪುಟ್ ಇದೆ. ಟ್ಯೂನರ್‌ಗೆ ಕೊಡಬಹುದು. ಸೌಂಡ್ ಎಂಜಿನಿಯರ್‌ಗೆ ಪೆಡಲ್ ಮೇಲೆ ನಂಬಿಕೆ ಇಲ್ಲದಿದ್ದರೆ ಅವರ ಡಿಐ ಮೂಲಕ ಇದನ್ನು ಎರಡನೆಯ ಚಾನೆಲ್ ಆಗಿ ಕೊಡಬಹುದು. ಜಗಳಕ್ಕಿಂತ ಇದು ಒಳ್ಳೆಯದು. ಅವರಿಗೆ ಬೇಕಾದದ್ದು ಅವರ ಹತ್ತಿರ ಇರುತ್ತದೆ, ನಿಮ್ಮ ಸದ್ದು ನಿಮ್ಮದಾಗಿಯೇ ಉಳಿಯುತ್ತದೆ.

ಇಷ್ಟಾದ ಮೇಲೆ ಕಿವಿಯ ವಿಷಯ. ನನಗೆ ಜಾಸ್ತಿ ಹೇಳಬೇಕಿರುವುದೂ ಇದರ ಬಗ್ಗೆಯೇ.

ಆಂಪ್ ತೆಗೆದರೆ ವೇದಿಕೆ ಮೇಲೆ ನಿಮಗೆ ಕೇಳುವ ಬೇಸ್ ಯಾವುದು? ಮುಂದಿನ ಪಿಎ ಸ್ಪೀಕರ್‌ಗಳ ಬೆನ್ನಿನಿಂದ ಬರುವ ಗುಂಯ್ ಸದ್ದು, ಸಭಾಂಗಣದ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುವ ಸದ್ದು. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಗೋಡೆ 15 ಮೀಟರ್ ದೂರ ಇದ್ದರೆ ಹೋಗಿ ಬರಲು 90 ಮಿಲಿಸೆಕೆಂಡ್ ಹತ್ತಿರ. ಅದನ್ನು ಕೇಳಿಕೊಂಡು ನುಡಿಸಿದರೆ ಲಯ ಹಿಂದೆ ಬೀಳುವುದು ಖಂಡಿತ, ಎಷ್ಟೇ ಗಟ್ಟಿ ಕೈ ಇದ್ದರೂ. ಹಾಗಾಗಿ ಇನ್-ಇಯರ್ ಮಾನಿಟರ್ (ನಿಮ್ಮ ಸದ್ದು ಕೇಳಿಸುವ, ಕಿವಿಯೊಳಗೆ ಕೂರುವ ಇಯರ್‌ಫೋನ್) ಬೇಕು, ಇಲ್ಲವೇ ಕಾಲ ಮುಂದೆ ಬೇಸ್ ತಡೆದುಕೊಳ್ಳುವಂಥ ಒಳ್ಳೆಯ ವೆಡ್ಜ್ (ನುಡಿಸುವವರ ಕಡೆ ಮುಖ ಮಾಡಿ ನೆಲದ ಮೇಲಿಡುವ ಸ್ಪೀಕರ್) ಬೇಕು. ವೆಡ್ಜ್ ಆದರೆ ಆಂಪ್‌ನ ತೊಂದರೆಯೇ ಬೇರೆ ರೂಪದಲ್ಲಿ ವಾಪಸ್ ಬರುತ್ತದೆ. 41 ಹರ್ಟ್ಸ್ ಸದ್ದಿನ ಒಂದು ಅಲೆ 8 ಮೀಟರ್‌ಗಿಂತ ಉದ್ದ. ಅದು ಯಾವ ಪೆಟ್ಟಿಗೆಯಿಂದ ಬಂದರೂ ಎಲ್ಲ ದಿಕ್ಕಿಗೂ ಹರಡುತ್ತದೆ, ಹಾಡುವವರ ಮೈಕ್ ಒಳಗೂ ಹೋಗುತ್ತದೆ.

ಇನ್-ಇಯರ್ ಹಾಕಿಕೊಂಡು ಬೇಸ್ ಕೇಳುತ್ತಿಲ್ಲ ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಮಿಕ್ಸ್‌ನದ್ದಲ್ಲ, ಕಿವಿಯಲ್ಲಿ ಅದು ಕೂರುವ ರೀತಿಯದ್ದು. ಕಿವಿಯ ಬಾಯಿ ಪೂರ್ತಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ಕೆಳಗಿನ ಸ್ವರಗಳೇ. ಕಿವಿಗೆ ತಕ್ಕ ಗಾತ್ರದ ಫೋಮ್ ತುದಿ ಹಾಕಿ, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ಕೂರಿಸಿ, ಅದು ಅರಳುವವರೆಗೆ ಹಿಡಿದುಕೊಂಡು ನೋಡಿ. ಆಮೇಲೆ ಬಾಯಿ ತೆರೆದು, ತಲೆ ತಿರುಗಿಸಿ ಪರೀಕ್ಷಿಸಿ. ಹಾಡುತ್ತಾ ನುಡಿಸುವವರಿಗೆ ದವಡೆ ಆಡಿದಂತೆಲ್ಲ ಅದು ಸಡಿಲವಾಗುತ್ತದೆ, ಅವರಿಗೆ ಕಿವಿಯ ಅಚ್ಚು ತೆಗೆದು ಮಾಡಿಸಿದ್ದೇ ಸರಿ. ಹೊಸ ಪೆಡಲ್‌ಗೆ ಮುಂಚೆ ಒಳ್ಳೆಯ ಇನ್-ಇಯರ್ ಕೊಳ್ಳಿ ಅಂತ ನಾನು ಯಾರು ಕೇಳಿದರೂ ಹೇಳುತ್ತೇನೆ.

ಕಿವಿಯ ಆರೋಗ್ಯದ ಮಾತನ್ನೂ ಬಿಡುವಂತಿಲ್ಲ. ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ನಿಯಾಷ್ (NIOSH) ಸಂಸ್ಥೆ ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧ ಆಗುತ್ತಾ ಹೋಗುತ್ತದೆ, 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಡ್ರಮ್ಸ್ ಪಕ್ಕ ನಿಂತು ದೊಡ್ಡ ಆಂಪ್ ಮುಂದೆ ನುಡಿಸುವವರು ಆ 15 ನಿಮಿಷವನ್ನು ನಾಲ್ಕನೇ ಹಾಡಿಗೇ ಮುಗಿಸಿರುತ್ತಾರೆ. ಕಿವಿ ಮುಚ್ಚುವ ಇನ್-ಇಯರ್‌ನಿಂದ ಹೊರಗಿನ ಗದ್ದಲ ಕಡಿಮೆಯಾಗುತ್ತದೆ, ಹಾಗಾಗಿ ಸಣ್ಣ ಸದ್ದಿನಲ್ಲೇ ಎಲ್ಲ ಕೇಳುತ್ತದೆ. ಒಂದೇ ಕಿವಿಗೆ ಹಾಕಿ ಇನ್ನೊಂದನ್ನು ತೆರೆದಿಡುವ ಅಭ್ಯಾಸ ಮಾತ್ರ ಬೇಡ. ಹಾಗೆ ಮಾಡಿದರೆ ಹಾಕಿದ ಕಿವಿಯಲ್ಲಿ ಸದ್ದು ಏರಿಸುತ್ತಲೇ ಹೋಗುತ್ತೇವೆ.

ಆಂಪ್‌ನಿಂದ ಪ್ಯಾಂಟ್ ಅಲುಗುವ, ಎದೆಗೆ ತಾಗುವ ಆ ಅನುಭವವನ್ನು ಈ ಪೆಡಲ್ ಕೊಡುವುದಿಲ್ಲ. ಮೊದಮೊದಲು ಕೈ ಜಾಸ್ತಿ ಗಟ್ಟಿಯಾಗಿ ಮೀಟುತ್ತದೆ, ಯಾಕೆಂದರೆ ಮೈಗೆ ಏನೂ ತಾಗುತ್ತಿಲ್ಲ. ನಿಂತುಕೊಳ್ಳುವ ಹಲಗೆಯನ್ನೇ ಅದುರಿಸುವ ಸಾಧನಗಳಿವೆ, ಐಕ್ ಕಂಪನಿಯ ಬೇಸ್‌ಬೋರ್ಡ್ ಅಂಥದ್ದು. ತುಂಬಾ ಕೊರತೆ ಅನ್ನಿಸುವವರಿಗೆ ಅದು ಒಳ್ಳೆಯ ದಾರಿ. ನನಗೆ ಅದಕ್ಕಿಂತ ಉಪಯೋಗವಾಗಿದ್ದು ಇನ್-ಇಯರ್ ಮಿಕ್ಸ್‌ನಲ್ಲಿ ಕಿಕ್ ಡ್ರಮ್ ಮುಂದೆ ತಂದು, ಸಭಾಂಗಣದ ಕಡೆ ತಿರುಗಿಸಿದ ಒಂದು ಮೈಕ್‌ನ ಸದ್ದನ್ನು ತುಸು ಸೇರಿಸಿಕೊಂಡದ್ದು. ಕೇಳುಗರ ಚಪ್ಪಾಳೆ, ಪಿಎದ ಉಸಿರು ಒಂದಿಷ್ಟು ಒಳಗೆ ಬಂದರೆ ಗಾಜಿನ ಕೋಣೆಯಲ್ಲಿ ಕೂತಂತೆ ಅನ್ನಿಸುವುದಿಲ್ಲ.

ಡ್ರಮ್ಸ್ ನುಡಿಸುವವರನ್ನು ಮರೆಯಬೇಡಿ. ನಿಮ್ಮ ಆಂಪ್ ನಿಮಗೆ ಎಷ್ಟು ಬೇಕಿತ್ತೋ ಅವರಿಗೂ ಅಷ್ಟೇ ಬೇಕಿತ್ತು, ಅವರು ಬಾಯಿಬಿಟ್ಟು ಹೇಳಿರುವುದಿಲ್ಲ ಅಷ್ಟೇ. ಆಂಪ್ ತೆಗೆಯುವ ದಿನ ಅವರ ಮಾನಿಟರ್‌ಗೆ ಬೇಸ್ ಹೋಗುತ್ತಿದೆಯಾ ಅಂತ ಮೊದಲು ನೋಡಿ. ಎಲ್ಲರೂ ಫೋನ್‌ನಿಂದಲೇ ತಮ್ಮ ತಮ್ಮ ಮಿಕ್ಸ್ ಮಾಡಿಕೊಳ್ಳುವ ಡಿಜಿಟಲ್ ಮಿಕ್ಸರ್, ಉದಾಹರಣೆಗೆ ಬೆಹ್ರಿಂಜರ್ ಎಕ್ಸ್‌ಆರ್18, ಬ್ಯಾಂಡ್‌ನಲ್ಲಿದ್ದರೆ ಈ ಕೆಲಸ ಸಲೀಸು. ಸೌಂಡ್ ಚೆಕ್ ಹೊತ್ತಿಗೆ ಯಾರೂ ಯಾರಿಗೂ ಕೈಸನ್ನೆ ಮಾಡುತ್ತಾ ನಿಲ್ಲಬೇಕಾಗಿಲ್ಲ.

ಇದು ಯಾರಿಗೆ ಬೇಡ? ಪಿಎ ಅಂತ ಕಂಬದ ಮೇಲೆ ಎರಡು ಸಣ್ಣ ಸ್ಪೀಕರ್ ಮಾತ್ರ ಇರುವ ಜಾಗಗಳಲ್ಲೇ ಹೆಚ್ಚು ನುಡಿಸುವವರಿಗೆ ಬೇಡ. ಅಲ್ಲಿ ಸಬ್ ಇರುವುದಿಲ್ಲ, ಹಾಡುವವರ ದನಿಯ ಜೊತೆ ಬೇಸ್ ತುಂಬಿದರೆ ಆ ಸ್ಪೀಕರ್ ದನಿಯನ್ನೂ ಬೇಸನ್ನೂ ಕೆಡಿಸುತ್ತದೆ. ಅಂಥ ಕಡೆಗೆ ಹಗುರವಾದ ಒಂದು ಆಂಪ್, ಹನ್ನೆರಡು ಇಂಚಿನ ಒಂದು ಸ್ಪೀಕರ್ ಸಾಕು, ಈ ಪೆಡಲ್ ಅದರ ಮುಂದೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಎರಡು ಪ್ರಶ್ನೆ ಕೇಳಿಬಿಡಿ: ಸಬ್ ಇದೆಯಾ, ನನಗೆ ಬೇರೆಯದೇ ಮಾನಿಟರ್ ಮಿಕ್ಸ್ ಸಿಗುತ್ತದಾ? ಎರಡಕ್ಕೂ ಹೌದು ಅಂತ ಉತ್ತರ ಬಂದರೆ ಆಂಪ್ ಮನೆಯಲ್ಲೇ ಇರಲಿ. ಒಂದಕ್ಕೆ ಇಲ್ಲ ಅಂದರೂ ಹೊತ್ತುಕೊಂಡು ಹೋಗಿ.